ಮುತ್ಯಾ ದಾಟಿದ ಹೊಳೆ

ನಮ್ಮ ಮುತ್ಯಾ ಈಜಿ ದಾಟಿದ ಹೊಳೆಯ ಅಗಲ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅದು ಅರ್ಧ ಮೈಲು ಇತ್ತು. ಹೈಸ್ಕೂಲಿಗೆ ಬರುವಷ್ಟರಲ್ಲಿ ಒಂದು ಮೈಲಾಗಿತ್ತು. ಚಿಕ್ಕೋಡಿಯ ಕಾಲೇಜಿಗೆ ಹೋಗತೊಡಗಿದ ವರ್ಷ ಆಚೆ ದಂಡೆ ಕಣ್ಣಿಗೇ ಬೀಳುತ್ತಿರಲಿಲ್ಲ. ಹೊಳೆ ಮಾತ್ರ ಅದೇ, ಯಡೂರಿನ ಸೀಮೆಯಲ್ಲಿ ನಮ್ಮೂರ ಮಗ್ಗುಲಿಗೇ ಹರಿಯುವ ಕೃಷ್ಣಾ ಹೊಳೆ. ಬೇಸಿಗೆಯಲ್ಲಿ ಎಮ್ಮೆಗಳು ಅದರ ನಡುವೆ ನಿಂತು ಮೆಲುಕು ಹಾಕುತ್ತಿದ್ದವು.

ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ. ಆರಡಿ ಆಳು, ಬಿಳಿ ಧೋತರ, ಕಿವಿಯವರೆಗೆ ಏರಿದ ಮೀಸೆ. ಕಬ್ಬಿನ ಹೊಲ, ಜೋಡಿ ಎತ್ತು, ಇಪ್ಪತ್ತು ಮಂದಿ ಉಣ್ಣುವ ಮನೆ. ಆ ಮನೆಯಲ್ಲಿ ಅವನಿಗೆ ಎದುರಾಡುವವರು ಯಾರೂ ಇರಲಿಲ್ಲ. ಹೆದರಿಕೆ ಎಂದಲ್ಲ, ಎದುರಾಡಲು ಅವನು ಬಿಡುವೇ ಕೊಡುತ್ತಿರಲಿಲ್ಲ. ಬೇರೆಯವರು ಬಾಯಿ ತೆರೆದರೆ, ತಾನು ಉಸಿರು ತೆಗೆದುಕೊಳ್ಳುವುದಕ್ಕೆ ಅವರು ಅನುಕೂಲ ಮಾಡಿಕೊಟ್ಟಿದ್ದಾರೆ ಎಂದೇ ಅವನ ತಿಳಿವಳಿಕೆ. ನನ್ನ ಅಪ್ಪ ಐವತ್ತು ದಾಟಿದ ಮೇಲೂ ಅವನ ಮುಂದೆ ಒಂದು ವಾಕ್ಯವನ್ನು ಪೂರ್ತಿ ಆಡಿದ್ದು ನಾನು ಕಂಡಿಲ್ಲ.

ಅವನ ಸಾಹಸಗಳು ನಮಗೆಲ್ಲ ಬಾಯಿಪಾಠ. ಹದಿನಾರನೇ ವಯಸ್ಸಿಗೆ ಮನೆ ಬಿಟ್ಟು ಓಡಿಹೋಗಿ ಕೊಲ್ಹಾಪುರದ ಕುಸ್ತಿ ತಾಲೀಮು ಸೇರಿದ್ದು, ಅಲ್ಲಿ ಪಂಜಾಬದಿಂದ ಬಂದ ಪೈಲವಾನನನ್ನು ಎತ್ತಿ ಒಗೆದದ್ದು ಮೊದಲನೆಯದು. ಪೈಲವಾನ ಬಿದ್ದ ಸಪ್ಪಳಕ್ಕೆ ಪೇಟೆಯ ಕುದುರೆಗಳು ಬೆದರಿ ಓಡಿದವಂತೆ. ಅವನು ಅಲ್ಲಿ ಎಂಟು ತಿಂಗಳು ಇದ್ದದ್ದು ನಿಜ. ಪೈಲವಾನರಿಗೆ ಬಾದಾಮಿ ಅರೆದು ಕೊಡುವ ಕೆಲಸದಲ್ಲಿದ್ದ. ಅರೆದದ್ದರಲ್ಲಿ ಎಷ್ಟು ಪೈಲವಾನರ ಹೊಟ್ಟೆಗೆ ಹೋಯಿತೋ, ಮುತ್ಯಾ ಮಾತ್ರ ದುಂಡಗಾಗಿ ಮನೆಗೆ ಬಂದ.

ಎರಡನೆಯದು ಜೈಲು. ಗಡಿ ಗಲಾಟೆಯಲ್ಲಿ ಅವನು ಜೈಲಿಗೆ ಹೋಗಿದ್ದ. ಯಾವ ಕಡೆಯವನಾಗಿ ಎಂಬುದು ಮನೆಗೆ ಬಂದ ಬೀಗರು, ಎಂದರೆ ಅತಿಥಿಗಳು, ಯಾರು ಎಂಬುದರ ಮೇಲೆ ನಿಂತಿತ್ತು. ನಿಪ್ಪಾಣಿಯ ಮರಾಠಿ ನೆಂಟರು ಬಂದರೆ ಈ ಸೀಮೆ ಆ ಕಡೆ ಸೇರಲಿ ಎಂದು ಲಾಠಿ ಏಟು ತಿಂದಿದ್ದ. ಚಿಕ್ಕೋಡಿಯ ಕನ್ನಡ ಮೇಷ್ಟ್ರು ಬಂದರೆ ಈ ಕಡೆಯೇ ಇರಲಿ ಎಂದು ತಿಂದಿದ್ದ. ಏಟು ಬಿದ್ದ ಭುಜ ಮಾತ್ರ ಎರಡರಲ್ಲೂ ಬಲಗಡೆಯದೇ. ನಿಜಸಂಗತಿ ಏನೆಂದರೆ, ಕಾಗವಾಡದ ಸಂತೆಯಲ್ಲಿ ಎಮ್ಮೆಯ ಕರು ಕೊಂಡು ಅದನ್ನು ಬಸ್ಸಿಗೆ ಹತ್ತಿಸಿದ್ದ. ಹನ್ನೆರಡು ವರ್ಷದ ಒಳಗಿನವರಿಗೆ ಅರ್ಧ ಟಿಕೀಟು, ಇದಕ್ಕೆ ಇನ್ನೂ ಆರು ತಿಂಗಳು ಎಂದು ಕಂಡಕ್ಟರನ ಜೊತೆ ಜಗಳಕ್ಕೆ ನಿಂತ. ಅರ್ಧ ದಿನ ಪೊಲೀಸ್ ಚೌಕಿಯ ಬೆಂಚಿನ ಮೇಲೆ ಕೂಡಿಸಿಕೊಂಡು ಬಿಟ್ಟರು. ಕರುವೂ ಅವನ ಜೊತೆ ಸೆರೆಯಲ್ಲಿತ್ತು.

ಮುದುಕನಾದ ಮೇಲೂ ಸುಮ್ಮನಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಮೊಪೆಡ್ ಕೊಂಡ. ಕಾಕಾ, ಎಂದರೆ ನನ್ನ ಅಪ್ಪನ ತಮ್ಮ, ಓಡಿಸುವುದನ್ನು ಕಲಿಸಿದ. ನಿಲ್ಲಿಸುವುದನ್ನು ಕಲಿಸುವಷ್ಟರಲ್ಲಿ ಮುತ್ಯಾ ಹೊರಟುಹೋಗಿದ್ದ. ಯಡೂರಿಗೆ ಹೋಗಿ ವೀರಭದ್ರನ ಗುಡಿಯ ಸುತ್ತ ಸುತ್ತಿದ, ಸುತ್ತಿದ, ಪೆಟ್ರೋಲು ಮುಗಿದ ಮೇಲೆ ನಿಂತ. ಜನ ಏನೋ ದೊಡ್ಡ ಹರಕೆ ಇರಬೇಕೆಂದು ಕೈ ಮುಗಿದರು. ಸಂಜೆ ಮನೆಗೆ ಬಂದು, ‘ಹನ್ನೊಂದ ಪ್ರದಕ್ಷಿಣಿ ಹಾಕೀನಿ, ಗಾಡಿ ಮ್ಯಾಲ ಹಾಕಿದಾಂವ ಈ ಜಿಲ್ಲಾದಾಗ ನಾ ಒಬ್ಬನ’ ಎಂದ. ಆ ಮಾತು ಮಾತ್ರ ಅಪ್ಪಟ ಸತ್ಯ.

ಇಷ್ಟೆಲ್ಲ ಆಡಿಕೊಂಡರೂ ಅವನನ್ನು ಕಂಡರೆ ನನಗೆ ಜೀವ. ಮನೆಯ ಹೆಣ್ಣುಮಕ್ಕಳಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳು ನಾನು. ಅಪ್ಪ, ಕಾಕಾ ಇಬ್ಬರೂ ಬೇಡವೆಂದಾಗ ಮುತ್ಯಾ ಒಂದೇ ಮಾತಿನಲ್ಲಿ ಮುಗಿಸಿದ್ದ. ‘ಹೋಗ್ಲಿ ಅಕಿ. ನಾಳೆ ನನ್ನ ಚರಿತ್ರಾ ಬರಿಯಾಕ ಯಾರರೆ ಬೇಕಲ್ಲ?’ ನನ್ನ ವಿದ್ಯೆಯ ಉದ್ದೇಶ ಅವನ ದೃಷ್ಟಿಯಲ್ಲಿ ಅಷ್ಟೇ. ಆದರೂ ಆ ಮಾತಿನಿಂದಲೇ ನಾನು ಬಸ್ಸು ಹತ್ತಿದೆ.

ಈಗ ಹೊಳೆಯ ವಿಷಯಕ್ಕೆ ಬರುತ್ತೇನೆ. ಎಲ್ಲ ಸಾಹಸಗಳ ಕಳಶ ಅದು. ಇಂಗ್ಲಿಷರ ಕಾಲ, ಅಪ್ಪ ಇನ್ನೂ ಎಂಟು ತಿಂಗಳ ಕೂಸು. ಮುತ್ಯಾ ಮತ್ತು ಆಯಿ, ಎಂದರೆ ನನ್ನ ಅಜ್ಜಿ, ಬೆಳೆ ಕಾಯಲು ಹೊಳೆಯ ಆಚೆ ದಂಡೆಯ ಹೊಲದ ಗುಡಿಸಲಿನಲ್ಲಿದ್ದರು. ನೀರು ಒಮ್ಮೆಲೆ ಏರಿ ಹೊಲ ಸುತ್ತುವರಿಯಿತು. ಕೈಗೆ ಸಿಕ್ಕಷ್ಟು ಸಾಮಾನು ಟೊಂಗೆಗೆ ಕಟ್ಟಿ ಮೂವರೂ ಹುಣಸೆ ಗಿಡ ಹತ್ತಿ ಕುಳಿತರು. ಎರಡನೆಯ ದಿನ ಕೂಸಿಗೆ ಮೈ ಕಾದು ಕೆಂಡವಾಯಿತು. ಆಗ ಮುತ್ಯಾ ಕೂಸನ್ನು ತಾಮ್ರದ ಹಂಡೆಯಲ್ಲಿ ಮಲಗಿಸಿ, ಹಂಡೆಯನ್ನು ನೂಕುತ್ತ, ಬರೇ ತೋಳಿನ ಬಲದಿಂದ ತುಂಬಿದ ಹೊಳೆಯನ್ನು ಈಜಿ ಊರು ಮುಟ್ಟಿ ಕೂಸಿನ ಜೀವ ಉಳಿಸಿದ. ಆಮೇಲೆ ಹರಗೋಲು ಕಳಿಸಿ ಗಿಡದ ಮೇಲೆ ಅಳುತ್ತ ಕುಳಿತಿದ್ದ ಹೆಂಡತಿಯನ್ನು ಕರೆಸಿಕೊಂಡ.

ಈ ಕಥೆ ಹೇಳುವ ಕ್ರಮವೊಂದಿತ್ತು. ಪಡಸಾಲೆಯಲ್ಲಿ ಬೀಗರು ಕುಳಿತಿರಬೇಕು. ನೀರು ಏರಬೇಕು, ಗಿಡ ಹತ್ತಬೇಕು, ಕೂಸಿಗೆ ಜ್ವರ ಬರಬೇಕು. ಹಂಡೆ ನೀರಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಮುತ್ಯಾ ಒಳಗಿನ ಕಡೆ ತಿರುಗಿ, ‘ಏ, ಚಾ ಇಡ!’ ಎಂದು ಕೂಗುತ್ತಿದ್ದ. ಬಾಗಿಲ ಮರೆಯಲ್ಲಿ ನಿಂತಿದ್ದ ಆಯಿ ಒಲೆಯ ಕಡೆ ಹೋಗುತ್ತಿದ್ದಳು. ಅವಳು ಚಹಾ ತರುವಷ್ಟರಲ್ಲಿ ಹೊಳೆ ದಾಟಿ ಆಗಿರುತ್ತಿತ್ತು. ಕಥೆಗೆ ಮೈಮರೆತ ನಾವು ಇದನ್ನು ಎಂದೂ ಗಮನಿಸಿರಲಿಲ್ಲ.

ಮುತ್ಯಾನಿಗೆ ಎಂಬತ್ತೊಂದು ತುಂಬಿತು. ನಮ್ಮ ಕಡೆ ಈ ವಯಸ್ಸು ಮುಟ್ಟಿದವರು ಸಾವಿರ ಹುಣ್ಣಿಮೆ ಕಂಡವರೆಂದು ಮಕ್ಕಳು ದೊಡ್ಡ ಸಮಾರಂಭ ಮಾಡುತ್ತಾರೆ. ಮಂಟಪ, ಫೇಟಾ, ಬೆಲ್ಲದ ತುಲಾಭಾರ, ಊರಿಗೆಲ್ಲ ಊಟ. ವೇದಿಕೆಯ ಮೇಲೆ ಅವನ ಜೀವನಚರಿತ್ರೆ ಓದಬೇಕೆಂದು ಮುತ್ಯಾನೇ ಸೂಚಿಸಿ, ತಾನೇ ಅನುಮೋದಿಸಿ, ಓದುವವಳು ನಾನೆಂದು ತಾನೇ ಗೊತ್ತುಮಾಡಿದ. ನಾನು ಹೊಸ ನೋಟ್‌ಬುಕ್ ತೆಗೆದುಕೊಂಡು ಎಂಟು ದಿನ ಅವನ ಮುಂದೆ ಕುಳಿತೆ. ಪಂಜಾಬದ ಪೈಲವಾನರು ಆ ಎಂಟು ದಿನದಲ್ಲಿ ಮೂವರಾದರು.

ಕಾಲೇಜು ಕಲಿತವಳ ಬುದ್ಧಿ, ಹೊಳೆಯ ಪ್ರಸಂಗಕ್ಕೆ ಒಂದಿಷ್ಟು ಕರುಣರಸ ಇರಲಿ ಎಂದು ಆಯಿಯ ಹತ್ತಿರ ಹೋದೆ. ಅವಳು ಅಡುಗೆಮನೆಯಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು.

‘ಆಯಿ, ಮುತ್ಯಾ ಹೊಳ್ಯಾಗ ಈಜೂ ಮುಂದ ಗಿಡದ ಮ್ಯಾಲ ಕುಂತ ನಿನಗ ಏನ್ ಅನಸ್ತಿತ್ತ?’ ಎಂದು ಕೇಳಿದೆ.

ಆಯಿಯ ಕೈ ನಿಂತಿತು. ‘ನಾ ಎಲ್ಲಿ ಗಿಡದ ಮ್ಯಾಲ ಕುಂತಿದ್ನೆ?’ ಎಂದಳು. ಆಮೇಲೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ‘ನಿಮ್ಮ ಮುತ್ಯಾಗ ಈಸ ಎಲ್ಲಿ ಬರತೈತಿ? ಮೊಣಕಾಲ ನೀರಾಗ ಇಳಿದದ್ದ ನೋಡೀಯೇನ್ ನೀ?’

ನೋಡಿರಲಿಲ್ಲ. ಸಂಕ್ರಾಂತಿಗೆ ಊರೆಲ್ಲ ಹೊಳೆಯಲ್ಲಿ ಮುಳುಗಿದರೆ ಮುತ್ಯಾ ಮೆಟ್ಟಿಲ ಮೇಲೆ ಕುಳಿತು ತಂಬಿಗೆಯಿಂದ ನೀರು ಸುರಿದುಕೊಳ್ಳುತ್ತಿದ್ದ. ಯಾಕೆಂದು ಕೇಳಿದರೆ, ‘ನಾ ಇಳಿದ್ರ ಹೊಳಿ ಹೆದರತೈತಿ’ ಎನ್ನುತ್ತಿದ್ದ. ನಾವು ಅದನ್ನೂ ನಂಬಿದ್ದೆವು.

ಆಯಿ ಒನಕೆಯನ್ನು ಬದಿಗಿಟ್ಟು ಮೇಲೆ ತೋರಿಸಿದಳು. ಅಡುಗೆಮನೆಯ ತೊಲೆಗೆ ಹೊಗೆ ಹಿಡಿದು ಕಪ್ಪಾದ ಎರಡು ಒಣ ಸೋರೆಬುರುಡೆಗಳು ತೂಗುತ್ತಿದ್ದವು. ಹುಟ್ಟಿದಾಗಿನಿಂದ ನೋಡಿದ್ದೆ, ಯಾಕಿವೆ ಎಂದು ಕೇಳಿರಲಿಲ್ಲ. ಆಯಿಯ ತವರೂರು ಯಡೂರಿನ ಮಗ್ಗುಲಿಗೇ, ಹೊಳೆದಂಡೆಯ ಮೇಲೆ. ಅಲ್ಲಿಯ ಹುಡುಗಿಯರು ಬಗಲಿಗೆ ಬುರುಡೆ ಕಟ್ಟಿಕೊಂಡು ಆಚೆ ದಂಡೆಗೆ ಮೇವು ತರಲು ಈಜಿಕೊಂಡೇ ಹೋಗುತ್ತಿದ್ದರಂತೆ. ಮದುವೆಯಾಗಿ ಬರುವಾಗಲೂ ಅವಳ ಬುತ್ತಿಯ ಜೊತೆ ಬುರುಡೆಗಳು ಬಂದಿದ್ದವು. ಗುಡಿಸಲಿನಲ್ಲಿ ಅವು ಇದ್ದದ್ದರಿಂದಲೇ ನನ್ನ ಅಪ್ಪ ಬದುಕಿದ.

‘ಗಿಡದ ಮ್ಯಾಲ ಅವರ ಕುಂತಿದ್ರು,’ ಎಂದಳು ಆಯಿ. ‘ಟೊಂಗಿ ಬಿಡವಲ್ರು. ಕೂಸಿನ ಮೈ ಸುಡಾಕತ್ತಿತ್ತು. ಇಳೀರಿ ಅಂದ್ನಿ, ಇಳೀಲಿಲ್ಲ. ಹಂಡ್ಯಾಗ ಕೂಸ ಇಟಗೊಂಡ ನಾ ಬಿದ್ನಿ ನೀರಿಗಿ. ಊರಿಗಿ ಬಂದ ಹರಗೋಲ ಕಳಿಸಿದ್ನಿ. ಹರಗೋಲ ಹೋದ್ರೂ ಇಳ್ಯಾಕ ತಯಾರ ಇರಲಿಲ್ಲಂತ. ಅಂಬಿಗರ ಅಣ್ಣ ಕಾಲ ಹಿಡದ ಜಗ್ಗಿ ಹಾಕ್ಯಾನ.’

ಆ ಅಂಬಿಗ ಸತ್ತು ಎಷ್ಟೋ ಕಾಲವಾಗಿತ್ತು. ಸಂಗತಿ ಗೊತ್ತಿದ್ದ ಹಿರಿಯರೂ ಒಬ್ಬೊಬ್ಬರಾಗಿ ಮಣ್ಣು ಸೇರಿದ್ದರು. ಹೊಳೆಯ ಅಗಲ ವರ್ಷವರ್ಷಕ್ಕೂ ಹೆಚ್ಚಿದ ಗುಟ್ಟು ನನಗೆ ಆಗ ತಿಳಿಯಿತು. ಒಬ್ಬೊಬ್ಬ ಸಾಕ್ಷಿ ಸತ್ತಾಗಲೂ ಮುತ್ಯಾ ಒಂದೊಂದು ಫರ್ಲಾಂಗು ಸೇರಿಸಿದ್ದ.

ನನಗೆ ನಗೆ ಬರಲಿಲ್ಲ, ಸಿಟ್ಟು ಬಂತು. ‘ಇಷ್ಟ ವರ್ಷ ಯಾಕ ಸುಮ್ನ ಇದ್ದಿ?’ ಎಂದೆ.

‘ಹೇಳಾಕ ಹೋದ್ರ ಚಾ ಇಡ ಅಂತಾರಲ್ಲ,’ ಎಂದಳು. ಬದಿಗಿಟ್ಟ ಒನಕೆಯನ್ನು ಮತ್ತೆ ಎತ್ತಿಕೊಂಡು ಕೇಳಿದಳು. ‘ನೀ ಅಲ್ಲಿ ಓದೂ ಮುಂದ ನಡುವ ಯಾರೂ ಬಾಯಿ ಹಾಕಂಗಿಲ್ಲೇನು?’

‘ಇಲ್ಲ.’

‘ನಿಮ್ಮ ಮುತ್ಯಾನೂ?’

‘ಮುತ್ಯಾನೂ ಹಾಕಂಗಿಲ್ಲ. ಮೈಕ್ ನನ್ನ ಕೈಯಾಗ ಇರತೈತಿ.’

‘ಹಂಗಾರ ಇಷ್ಟ ಬರಿ. ಭಾಳ ಬ್ಯಾಡ. ಹೊಳ್ಯಾಗ ಇಳಿದಾಕಿ ನಾ ಅಂತ ಒಂದ ಮಾತ.’

ಆಣೆ ಮಾಡಿ ಬರೆದೆ. ಒಂದು ಮಾತಲ್ಲ, ಒಂದು ಇಡೀ ಪುಟ ಬರೆದೆ. ಹೆಣ್ಣಿನ ಶೌರ್ಯ, ಶತಮಾನಗಳ ಮೌನ ಎಂದೆಲ್ಲ ಸೇರಿಸಿದೆ. ಆಗಿನ ನನ್ನ ಬರವಣಿಗೆಯನ್ನು ಈಗ ಓದಿದರೆ ಮುತ್ಯಾನ ಮೊಮ್ಮಗಳೇ ಹೌದು ಅನಿಸುತ್ತದೆ. ಆದರೆ ಸಂಗತಿ ಸತ್ಯವಿತ್ತು.

ಸಮಾರಂಭದ ದಿನ ಅಥಣಿ, ರಾಯಬಾಗ, ಭೋಜ, ಅನಂತಪುರ, ಎಲ್ಲ ಕಡೆಯಿಂದ ನೆಂಟರು ಬಂದರು. ಕೊಲ್ಹಾಪುರದಿಂದ ಕರೆಸಿದ ಆಳು ಮುತ್ಯಾನ ತಲೆಗೆ ಕೇಸರಿ ಫೇಟಾ ಸುತ್ತಿದ. ತುಲಾಭಾರದಲ್ಲಿ ಬೆಲ್ಲ ಜಾಸ್ತಿ ಹತ್ತಲಿ ಎಂದು ಧೋತರದ ನಡುವಿನಲ್ಲಿ ನೇಗಿಲಿನ ಎರಡು ಕಬ್ಬಿಣದ ಗುಳ ಬಚ್ಚಿಟ್ಟುಕೊಂಡಿದ್ದ, ತಕ್ಕಡಿಯಿಂದ ಇಳಿಯುವಾಗ ಒಂದು ಜಾರಿ ಕಾಕಾನ ಕಾಲ ಮೇಲೆ ಬಿತ್ತು. ಮುಖ್ಯ ಅತಿಥಿಯಾಗಿ ಬಂದ ಪುಢಾರಿ ಮುತ್ಯಾನ ದೇಶಸೇವೆಯನ್ನು ಹೊಗಳಿದರು. ಎರಡೂ ಕಡೆಯ ಜೈಲಿನ ಕಥೆ ಕೇಳಿದ ನೆಂಟರು ಒಂದೇ ಮಂಟಪದಲ್ಲಿ ಕುಳಿತಿದ್ದರಿಂದ ಯಾವ ಜೈಲು ಎಂದು ಯಾರೂ ಬಿಡಿಸಿ ಹೇಳಲಿಲ್ಲ.

ನಾನು ಓದತೊಡಗಿದೆ. ಬಾದಾಮಿಯ ಸುದ್ದಿ ಬಿಟ್ಟೆ, ಕರುವಿನ ಸುದ್ದಿ ಬಿಟ್ಟೆ. ಹೊಳೆಯ ಪುಟ ಬಂತು. ತಲೆಯೆತ್ತಿ ನೋಡಿದೆ. ಮುತ್ಯಾ ಕುರ್ಚಿಯ ತುದಿಗೆ ಬಂದು ಕುಳಿತಿದ್ದ. ನನಗಿಂತ ಒಂದು ಮಾತು ಮುಂಚೆಯೇ ಅವನ ತುಟಿಗಳು ಅಲ್ಲಾಡುತ್ತಿದ್ದವು. ಫೇಟಾದ ಕೆಳಗೆ ಆ ಹಲ್ಲಿಲ್ಲದ ಮುಖ ಜಾತ್ರೆಗೆ ಹೊರಟ ಕೂಸಿನ ಮುಖದ ಹಾಗಿತ್ತು. ಹೆಂಗಸರ ಸಾಲಿನಲ್ಲಿ ಆಯಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದಳು.

ನಾನು ಪುಟ ತಿರುವಿದೆ. ಬರೆದದ್ದನ್ನು ಓದಲಿಲ್ಲ. ಸಣ್ಣವಳಿದ್ದಾಗಿನಿಂದ ಕೇಳಿ ಕಲಿತದ್ದನ್ನೇ ಬಾಯಿಯಿಂದ ಹೇಳಿದೆ. ನೀರು ಏರಿತು, ಗಿಡ ಹತ್ತಿದರು, ಕೂಸಿಗೆ ಜ್ವರ ಬಂತು. ಹಂಡೆ ನೀರಿಗೆ ಇಳಿಯುವ ಹೊತ್ತಿಗೆ, ಯಾರೂ ಹೇಳದಿದ್ದರೂ, ಆಯಿ ಎದ್ದು ಚಹಾ ನೋಡಲು ಹಿತ್ತಲಿನ ಕಡೆ ಹೋದಳು.

ಚಪ್ಪಾಳೆ ಬಿದ್ದವು. ಮುತ್ಯಾ ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತ. ಆಯಿಗೆ ಒಂದು ಸೀರೆ, ಒಂದು ಕುಬಸದ ಖಣ ಕೊಟ್ಟು ‘ಪತಿಯ ಸಾಹಸಗಳಿಗೆ ನೆರಳಾಗಿ ನಿಂತವರು’ ಎಂದು ಪುಢಾರಿ ಹೇಳಿದರು. ಸಂಜೆ ಅವಳ ಎದುರು ಹೋಗಲು ನನಗೆ ಮುಖವಿರಲಿಲ್ಲ. ಅವಳೇ ಬಂದು, ‘ಚಲೋ ಓದಿದಿ’ ಎಂದಳು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಮೂರು ವರ್ಷದ ಮೇಲೆ ಮುತ್ಯಾ ಹೋದ. ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಕುಳಿತಿದ್ದ. ರಾಯಬಾಗದಿಂದ ಬೀಜ ಮಾರಲು ಬಂದ ಒಬ್ಬ ಪಾಪದವನು ಸಿಕ್ಕಿಬಿದ್ದ. ಅವನಿಗೆ ಹೊಳೆಯ ಕಥೆ ಹೇಳುತ್ತ, ಹಂಡೆ ನೀರಿಗೆ ಇಳಿಯುವುದಕ್ಕೆ ಮುಂಚೆ, ಮುತ್ಯಾ ಸುಮ್ಮನಾದ. ಕುತೂಹಲಕ್ಕೆ ನಿಲ್ಲಿಸಿದ್ದಾರೆ ಎಂದು ಆ ಸಭ್ಯ ಮನುಷ್ಯ ಎಷ್ಟೋ ಹೊತ್ತು ಕಾದನಂತೆ. ಕೊನೆಗೆ, ‘ಮುಂದೇನಾತ್ರಿ ಅಜ್ಜಾರ?’ ಎಂದು ಕೇಳಿದಾಗ ಉತ್ತರ ಬರಲಿಲ್ಲ. ಅವತ್ತು ‘ಚಾ ಇಡ’ ಎಂಬ ಕೂಗೂ ಬಂದಿರಲಿಲ್ಲ. ಅದಕ್ಕೇ ಆಯಿ ಅನುಮಾನ ಬಂದು ಹೊರಗೆ ಬಂದಿದ್ದಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಮುತ್ಯಾನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಸಮಾರಂಭದ ಅದೇ ಕೇಸರಿ ಫೇಟಾ ಸುತ್ತಿ ಪಡಸಾಲೆಯಲ್ಲಿ ಕೂಡಿಸಿದರು. ಈಗ ಕಣ್ಣು ತೆರೆದು ಮಾತು ಶುರು ಮಾಡುತ್ತಾನೆ ಅನ್ನುವಂತಿದ್ದ. ಹೊರಗೆ ಭಜನೆಯವರು ತಾಳ ಹಿಡಿದು ಕುಳಿತರು. ಒಳಗೆ ಹೆಂಗಸರು ಸುತ್ತುಗಟ್ಟಿದರು.

ನಮ್ಮ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರನ್ನು ಎದುರಿಗಿಟ್ಟುಕೊಂಡು, ಅವರನ್ನೇ ಕರೆದು, ಅವರ ಬಾಳೆಲ್ಲವನ್ನೂ ರಾಗವೆಳೆದು ಹೇಳುತ್ತಾರೆ. ಹಾಗೆ ಅಳುವವರನ್ನು ನಡುವೆ ತಡೆಯುವ ಹಾಗಿಲ್ಲ. ಮಗನಾಗಲಿ, ಸ್ವಾಮಿಗಳಾಗಲಿ, ಯಾರೂ ತಡೆಯುವುದಿಲ್ಲ. ಮುತ್ಯಾನ ಹೆಣ್ಣುಮಕ್ಕಳು, ನನ್ನ ಅತ್ತೆಯಂದಿರು, ಒಬ್ಬೊಬ್ಬರಾಗಿ ಅತ್ತರು. ಕೊನೆಗೆ ಆಯಿ ಮುಂದೆ ಬಂದು ಮುತ್ಯಾನ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕುಳಿತಳು. ಸೆರಗು ಸರಿಮಾಡಿಕೊಂಡು ಅವನ ಮುಖವನ್ನೇ ನೋಡುತ್ತ ಸುರುಮಾಡಿದಳು.

‘ಹುಲಿಯಂಥಾ ನನ ರಾಯಾ, ಹುಣಸಿ ಗಿಡ ಏರಿದ್ಯೋ...
ಏರಿದಾಂವ ಇಳೀಲಿಲ್ಲೋ, ಎರಡ ದಿನ ಆತೋ ನನ ರಾಯಾ...
ಕೂಸ ಹಂಡ್ಯಾಗಿಟ್ಟ, ಬುರುಡಿ ಬಗಲಿಗಿ ಕಟ್ಟಿ, ಹೊಳಿಗಿ ನಾ ಬಿದ್ನೋ...
ಹೊಳ್ಳಿ ನೋಡಿದ್ರ ನಿನ ಧೋತರ ಟೊಂಗ್ಯಾಗ ಹಾರ್ಯಾಡತಿತ್ತೋ ನನ ರಾಯಾ...’

ಅಳುತ್ತಿದ್ದ ಹೆಂಗಸರು ಒಂದು ಗಳಿಗೆ ನಿಂತರು. ಹೊರಗೆ ತಾಳವೂ ನಿಂತಿತು. ಕಾಕಾ ಬಾಗಿಲಿಗೆ ಬಂದು ಕೆಮ್ಮಿದ, ಒಳಗೆ ಬರಲಿಲ್ಲ. ದೊಡ್ಡ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು, ಅವಳ ಭುಜ ಕುಲುಕಿದ್ದು ಅಳುವಿನಿಂದ ಅಲ್ಲ ಎಂದು ನನಗೆ ಗೊತ್ತಾಯಿತು. ಆಯಿ ಯಾರ ಕಡೆಗೂ ನೋಡಲಿಲ್ಲ. ನೀರಿನ ಸೆಳವು ಹೇಗಿತ್ತು, ಹಂಡೆ ಎಲ್ಲಿ ವಾಲಿತು, ಕೂಸು ಹೇಗೆ ನಕ್ಕಿತು, ಎಲ್ಲವನ್ನೂ ಹೇಳಿದಳು. ಅವಳಿಗೇನೂ ಅವಸರವಿರಲಿಲ್ಲ.

‘ಅರವತ್ತ ವರ್ಷ ಚಾ ಕುದಿಸಿದ್ನೋ, ಆಡಿದ ಮಾತ ಕೇಳಲಿಲ್ಲೋ...
ಇವತ್ತ ಚಾ ಬೇಡಲಿಲ್ಲೋ, ಈಗರೆ ಕೇಳೋ ನನ ರಾಯಾ...’

ಮುತ್ಯಾ ಫೇಟಾ ಸುತ್ತಿಕೊಂಡು ಎಲ್ಲವನ್ನೂ ಕೇಳಿದ. ಒಮ್ಮೆಯೂ ಬಾಯಿ ಹಾಕಲಿಲ್ಲ. ಆಮೇಲೆ ಆಯಿ ಅವನ ಮಡಿಲಲ್ಲಿ ತಲೆಯಿಟ್ಟು ನಿಜವಾಗಿ ಅತ್ತಳು, ಅದರಲ್ಲಿ ರಾಗವೂ ಇರಲಿಲ್ಲ, ಮಾತೂ ಇರಲಿಲ್ಲ.

ನಾನು ಒಳಗೊಳಗೇ ಗೆದ್ದವಳ ಹಾಗೆ ಬೀಗಿದೆ. ಇನ್ನು ಸತ್ಯ ಊರಿಗೆಲ್ಲ ತಿಳಿಯುತ್ತದೆ, ನನ್ನ ತಪ್ಪೂ ತೊಳೆದುಹೋಗುತ್ತದೆ ಎಂದುಕೊಂಡೆ. ಮೂರನೆಯ ದಿನ ನಿಪ್ಪಾಣಿಯಿಂದ ಮುತ್ಯಾನ ತಂಗಿಯ ಮಗ ಬಂದ. ಮಣ್ಣಿಗೆ ಬರಲು ಆಗಿರಲಿಲ್ಲವೆಂದು ಮರಾಠಿ, ಕನ್ನಡ ಕೂಡಿಸಿ ಅತ್ತ. ಕಣ್ಣೊರೆಸಿಕೊಂಡು, ‘ಮಾಮಿ, ಮಾಮಾಂದ ಧಾಡಸ, ಧೈರ್ಯ ಏನ್ರಿ ಅದು! ಅಷ್ಟ ಮಹಾಪೂರದಾಗ ಕೂಸಿನ್ನ ತಗೊಂಡ...’ ಎಂದ. ನಾನು ಆಯಿಯ ಕಡೆ ನೋಡಿದೆ.

‘ಹೌದಪಾ,’ ಎಂದಳು ಆಯಿ. ‘ಎರಡ ಮೈಲ ನೀರ. ಒಂದ ಮೊಸಳಿನೂ ಬೆನ್ನ ಹತ್ತಿತ್ತ. ನಾ ಗಿಡದ ಮ್ಯಾಲ ಅಳಕೋತ ಕುಂತಿದ್ನಿ. ಅವರು ಹಂಡಿ ನೀರಾಗ ಬಿಟ್ಟರಪಾ...’ ಎನ್ನುತ್ತಿದ್ದವಳು ನಾನು ಬಾಯಿ ತೆರೆದದ್ದನ್ನು ಕಂಡು ನನ್ನ ಕಡೆ ತಿರುಗಿದಳು. ‘ಏ, ಚಾ ಇಡ.’

ನಾನು ಹೋಗಿ ಇಟ್ಟೆ. ಮೊಸಳೆ ಅರವತ್ತು ವರ್ಷದಲ್ಲಿ ಮುತ್ಯಾನಿಗೂ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಯಿ ಚಹಾದ ಕಪ್ಪು, ಬಸಿ ತೆಗೆದುಕೊಳ್ಳಲು ಒಳಗೆ ಬಂದಳು. ‘ಯಾಕ ಆಯಿ? ಮೊನ್ನೆ ಎಲ್ಲಾರ ಮುಂದ ಖರೇ ಹೇಳಿದೆಲ್ಲ?’ ಎಂದೆ.

‘ಎಲ್ಲಾರಿಗಿ ಎಲ್ಲಿ ಹೇಳೀನಿ? ಅವರಿಗಿ ಹೇಳೂದಿತ್ತು, ಹೇಳೀನಿ. ಊರಿಗೇನ ಮಾಡೂದೈತಿ ಅದನ್ನ ತಗೊಂಡ?’

ತೊಲೆಯ ಬುರುಡೆಗಳ ಕಡೆ ಒಮ್ಮೆ ನೋಡಿ ಬಸಿಗಳನ್ನು ಒರೆಸತೊಡಗಿದಳು.

‘ಜೀವ ಇದ್ದಾಗ ಕೇಳಿದ್ರ ಇನ್ನಾ ಚಲೋ ಇರತಿತ್ತ,’ ಎಂದಳು. ನನ್ನನ್ನು ನೋಡಿ ಆಡಿದ ಮಾತಲ್ಲ ಅದು. ನಾನು ಚಹಾ ಸೋಸಿದೆ, ಅವಳು ಪಡಸಾಲೆಗೆ ಒಯ್ದಳು. ಓದದೆ ತಿರುವಿದ ಆ ಪುಟ ಇನ್ನೂ ನನ್ನ ಹತ್ತಿರವೇ ಇದೆ.